ತಂತಿ ತಿನ್ನುವ ವಿದ್ಯುತ್ತು

ನಮ್ಮ ತಾಳವಾಡಿಯಿಂದ ಸೂಲೂರಿಗೆ ಹೋಗಬೇಕಾದರೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿದು, ಸತ್ಯಮಂಗಲವನ್ನು ದಾಟಿ ಕೊಯಮುತ್ತೂರು ಸೇರಬೇಕು. ಅಲ್ಲಿಂದ ತಿರುಚ್ಚಿ ರಸ್ತೆಯಲ್ಲಿ ಪೂರ್ವಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು ಹೋದರೆ ಸೂಲೂರು. ನೊಯ್ಯಲ್ ಹೊಳೆಯ ನೀರಿನಿಂದ ತುಂಬುವ ದೊಡ್ಡ ಕೆರೆಯೂ ವಾಯುಪಡೆಯ ನೆಲೆಯೂ ಈ ಊರಿನ ಗುರುತುಗಳು. ಆದರೆ ಊರ ಬೀದಿಗಳಲ್ಲಿ ನಡೆದರೆ ನಮ್ಮ ಕಿವಿಗೆ ಮೊದಲು ಬೀಳುವುದು ವಿಮಾನದ ಸದ್ದಲ್ಲ, ಮಗ್ಗದ ಸದ್ದು. ಸೂಲೂರು, ಸೋಮನೂರು, ಪಲ್ಲಡಂ ಸುತ್ತಿನ ಹಳ್ಳಿಗಳಲ್ಲೆಲ್ಲ ವಿದ್ಯುತ್ ಮಗ್ಗಗಳಿವೆ. ಅಲ್ಲಿನ ತಮಿಳರು ಮಗ್ಗಕ್ಕೆ 'ತರಿ' ಎನ್ನುತ್ತಾರೆ. ಈ ಸೀಮೆಯ ನೇಕಾರರಲ್ಲಿ ದೇವಾಂಗ ಕುಟುಂಬಗಳು ಬಹಳ. ಅವರದು ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ.

ನನ್ನ ಅಕ್ಕನನ್ನು ಕೊಟ್ಟಿರುವುದು ಅಂತಹ ಒಂದು ಮನೆಗೆ. ಭಾವನವರು ಮನೆಯ ಹಿಂದಿನ ಷೆಡ್ಡಿನಲ್ಲಿ ಹನ್ನೆರಡು ಮಗ್ಗಗಳನ್ನು ನಡೆಸುತ್ತಾರೆ. ನೂಲು ಕೊಡುವವರು ಬೇರೆ, ನೇಯ್ದು ಕೊಡುವವರು ಇವರು. ಮೀಟರಿಗೆ ಇಷ್ಟು ಎಂದು ಕೂಲಿ. ಮಗ್ಗ ನಿಂತರೆ ಕೂಲಿಯೂ ನಿಂತಿತು.

2024ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಷೆಡ್ಡಿನ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಲಟಪಟ ಎನ್ನುತ್ತಿದ್ದ ಮಗ್ಗಗಳ ದನಿ ಭಾರವಾಯಿತು. ಭಾವನವರು ಎಲೆಯ ಮುಂದಿನಿಂದ ಎದ್ದು ಓಡಿಹೋಗಿ ಒಂದೊಂದಾಗಿ ಆರು ಮಗ್ಗಗಳನ್ನು ನಿಲ್ಲಿಸಿ ಬಂದರು.

"ಕರೆಂಟು ಹೋಯಿತೇ?" ಎಂದು ಕೇಳಿದೆ.

"ಹೋದರೆ ಚಿಂತೆಯಿಲ್ಲ, ಮೇಷ್ಟ್ರೇ. ಹೋಗದೆ ಹೀಗೆ ಸಾಯುತ್ತಾ ಬರುತ್ತದಲ್ಲ, ಅದೇ ಕಷ್ಟ. ಮೋಟಾರು ಸುಟ್ಟರೆ ಕಾಯಿಲ್ ಸುತ್ತಿಸುವುದಕ್ಕೆ ವಾರದ ಕೂಲಿ ಹೋಗುತ್ತದೆ."

ನಾವು ಷೆಡ್ಡಿಗೆ ಹೋಗಿ ನೋಡಿದೆವು. ಗೋಡೆಯ ಬೋರ್ಡಿನಲ್ಲಿದ್ದ ವೋಲ್ಟ್‌ಮೀಟರಿನ ಮುಳ್ಳು ಇರಬೇಕಾದ ಜಾಗಕ್ಕಿಂತ ಬಹಳ ಕೆಳಗಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅಕ್ಕನ ಮಗಳು ಅದನ್ನೇ ದಿಟ್ಟಿಸುತ್ತಾ ಕೇಳಿದಳು: "ಮಾವ, ಕಂಬದ ಹತ್ತಿರ ಟ್ರಾನ್ಸ್‌ಫಾರ್ಮರಿನಲ್ಲಿ ಪೂರ್ತಿ ಇದೆಯಂತೆ. ಲೈನ್‌ಮನ್ ಅಳೆದು ತೋರಿಸಿದರು. ಅಲ್ಲಿ ಇರುವುದು ಇಲ್ಲಿಗೆ ಬರುವುದರೊಳಗೆ ದಾರಿಯಲ್ಲಿ ಯಾರು ತಿಂದರು?"

ಮಕ್ಕಳೇ, ಅವಳ ಪ್ರಶ್ನೆಗೆ ಉತ್ತರ ಒಂದೇ ಮಾತಿನದು: ತಂತಿ ತಿಂದಿತು. ಆದರೆ ಅದು ಏಕೆ ತಿನ್ನುತ್ತದೆ, ಎಷ್ಟು ತಿನ್ನುತ್ತದೆ ಎಂಬುದನ್ನು ತಿಳಿಯಲು ಸ್ವಲ್ಪ ಲೆಕ್ಕ ಮಾಡಬೇಕು.

ಯಾವ ಲೋಹದ ತಂತಿಯೂ ವಿದ್ಯುತ್ ಪ್ರವಾಹವನ್ನು ಪೂರ್ತಿ ಸಲೀಸಾಗಿ ಬಿಡುವುದಿಲ್ಲ, ಸ್ವಲ್ಪ ತಡೆಯುತ್ತದೆ. ಈ ತಡೆಗೆ ರೋಧ ಎಂದು ಹೆಸರು. ತಂತಿ ಉದ್ದವಾದಷ್ಟೂ ತೆಳ್ಳಗಾದಷ್ಟೂ ರೋಧ ಹೆಚ್ಚು. ರೋಧವನ್ನು ಮೀರಿ ಹರಿಯುವಾಗ ವಿದ್ಯುತ್ತಿನ ಒಂದು ಭಾಗ ಶಾಖವಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ. 1840ರ ದಶಕದ ಆರಂಭದಲ್ಲಿಯೇ ಇಂಗ್ಲೆಂಡಿನ ಜೇಮ್ಸ್ ಜೂಲ್ ಎಂಬ ವಿಜ್ಞಾನಿ ಇದರ ನಿಯಮವನ್ನು ಕಂಡುಹಿಡಿದನು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ನಷ್ಟವು ದೊರೆಯುತ್ತದೆ. ಇಲ್ಲಿ 'ವರ್ಗ' ಎಂಬ ಪದವನ್ನು ಚೆನ್ನಾಗಿ ಗಮನಿಸಿರಿ. ಮುಂದಿನ ಕಥೆಯೆಲ್ಲ ಆ ಒಂದು ಪದದಲ್ಲಿದೆ.

ಲೆಕ್ಕ ಸುಲಭವಾಗಲೆಂದು ಒಂದು ಮನೆಯನ್ನು ಊಹಿಸೋಣ. ಟ್ರಾನ್ಸ್‌ಫಾರ್ಮರಿನಲ್ಲಿ 230 ವೋಲ್ಟ್ ಇದೆ. ಅಲ್ಲಿಂದ ಮನೆಗೆ ಹೋಗಿ ಬರುವ ತಂತಿಯ ಒಟ್ಟು ರೋಧ 1 ಓಮ್. ಮನೆಯವರು 20 ಆಂಪಿಯರ್ ಬಳಸುತ್ತಿದ್ದಾರೆ. ಆಗ ದಾರಿಯಲ್ಲಿ 20 ವೋಲ್ಟ್ ಇಳಿದು ಮನೆಗೆ 210 ವೋಲ್ಟ್ ಮಾತ್ರ ಮುಟ್ಟುತ್ತದೆ. ತಂತಿಯಲ್ಲಿ ಆಗುವ ನಷ್ಟ 20 × 20 × 1, ಅಂದರೆ 400 ವ್ಯಾಟ್. ಮನೆಯವರು ಬಳಕೆಯನ್ನು 10 ಆಂಪಿಯರಿಗೆ ಇಳಿಸಿದರೆ ನಷ್ಟವೂ ಅರ್ಧಕ್ಕೆ ಇಳಿಯುತ್ತದೆಯೇ? ಇಲ್ಲ. 10 × 10 × 1, ಅಂದರೆ 100 ವ್ಯಾಟ್. ಪ್ರವಾಹ ಅರ್ಧವಾದರೆ ನಷ್ಟ ಕಾಲುಭಾಗವಾಗುತ್ತದೆ. ಹಾಗೆಯೇ ಪ್ರವಾಹ ಎರಡರಷ್ಟಾದರೆ ನಷ್ಟ ನಾಲ್ಕರಷ್ಟು.

ಮಗ್ಗದ ಮೋಟಾರಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬಲ್ಬಿಗೆ ವೋಲ್ಟೇಜು ಕಡಿಮೆಯಾದರೆ ಅದು ಮಂಕಾಗಿ ಉರಿದು ಸುಮ್ಮನಾಗುತ್ತದೆ. ಮೋಟಾರು ಹಾಗಲ್ಲ. ಮಗ್ಗದ ಭಾರ ಅದರ ಮೇಲಿದೆ, ಅದನ್ನು ತಿರುಗಿಸಲೇಬೇಕು. ವೋಲ್ಟೇಜು ಇಳಿದಷ್ಟೂ ಅದು ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಹೆಚ್ಚು ಪ್ರವಾಹ ಎಳೆದರೆ ತಂತಿಯಲ್ಲಿ ವೋಲ್ಟೇಜು ಇನ್ನೂ ಇಳಿಯುತ್ತದೆ. ಹೀಗೆ ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ಕೊನೆಗೆ ಕಾಯಿಲ್ ಸುಡುತ್ತದೆ. ಭಾವನವರು ಊಟ ಬಿಟ್ಟು ಓಡಿದ್ದು ಇದಕ್ಕಾಗಿಯೇ. ಅವರು ಜೂಲನ ಹೆಸರು ಕೇಳಿದವರಲ್ಲ. ಆದರೆ ಆರು ಮಗ್ಗ ನಿಲ್ಲಿಸಿದರೆ ಉಳಿದ ಆರು ಬದುಕುತ್ತವೆ ಎಂಬುದು ಅವರಿಗೆ ಗೊತ್ತು.

ವಿದ್ಯುತ್ತನ್ನು ದೂರಕ್ಕೆ ಸಾಗಿಸುವವರು ಮೊದಲಿನಿಂದಲೂ ಈ ತೊಂದರೆಯೊಡನೆ ಹೋರಾಡಿದ್ದಾರೆ. 1902ರಲ್ಲಿ ಮೈಸೂರು ಸಂಸ್ಥಾನದವರು ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. ದೂರ ಸುಮಾರು 147 ಕಿಲೋಮೀಟರು. ಅಷ್ಟು ಉದ್ದದ ವಿದ್ಯುತ್ ಮಾರ್ಗಗಳು ಆ ಕಾಲದಲ್ಲಿ ಪ್ರಪಂಚದಲ್ಲಿಯೇ ವಿರಳವಾಗಿದ್ದವು. ಅದು ಸಾಧ್ಯವಾದದ್ದು ಸುಮಾರು 30,000 ವೋಲ್ಟಿನ ಒತ್ತಡದಿಂದ. ಒಂದೇ ಪ್ರಮಾಣದ ಶಕ್ತಿಯನ್ನು ಹತ್ತರಷ್ಟು ವೋಲ್ಟೇಜಿನಲ್ಲಿ ಕಳುಹಿಸಿದರೆ ಪ್ರವಾಹ ಹತ್ತನೆಯ ಒಂದು ಭಾಗ ಸಾಕು. ಆಗ ಅದೇ ತಂತಿಯಲ್ಲಿ ನಷ್ಟ ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮತ್ತೆ ಅದೇ 'ವರ್ಗ'ದ ಮಹಿಮೆ!

ಕೊಯಮುತ್ತೂರಿನ ಕಥೆಯೂ ಹೀಗೆಯೇ ದೂರದ ನೀರಿನಿಂದ ಆರಂಭವಾಯಿತು. ನೀಲಗಿರಿಯ ಪೈಕಾರ ಜಲವಿದ್ಯುತ್ ಕೇಂದ್ರ 1932ರಲ್ಲಿ ಕೆಲಸ ಆರಂಭಿಸಿದ ಮೇಲೆ ಈ ಸೀಮೆಯಲ್ಲಿ ಹತ್ತಿ ಗಿರಣಿಗಳು ಒಂದರ ಹಿಂದೆ ಒಂದರಂತೆ ಎದ್ದವು. ಇಂದು ಇನ್ನೂ ದೂರದಿಂದ ವಿದ್ಯುತ್ತು ಬರುತ್ತದೆ. ಛತ್ತೀಸಗಢದ ರಾಯಗಢದಿಂದ ನಮ್ಮ ರಾಜ್ಯದ ಪುಗಲೂರಿನವರೆಗೆ ಸುಮಾರು 1,765 ಕಿಲೋಮೀಟರು ಉದ್ದದ ಮಾರ್ಗ 2021ರ ವೇಳೆಗೆ ಸಿದ್ಧವಾಯಿತು. ಅದರ ಒತ್ತಡ ಎಂಟು ಲಕ್ಷ ವೋಲ್ಟ್. ಸಾಗಿಸಬಲ್ಲ ಶಕ್ತಿ 6,000 ಮೆಗಾವ್ಯಾಟ್.

ಹಾಗಿದ್ದರೆ ತೊಂದರೆ ಎಲ್ಲಿದೆ? ಎಂಟು ಲಕ್ಷ ವೋಲ್ಟನ್ನು ಯಾರೂ ಮಗ್ಗಕ್ಕೆ ಜೋಡಿಸಲಾರರು. ಹಂತಹಂತವಾಗಿ ಇಳಿಸುತ್ತಾ ಬರಬೇಕು. ಕೊನೆಯದಾಗಿ ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಮನೆಯವರೆಗೆ ಬರುವ ಕೆಲವು ನೂರು ಮೀಟರುಗಳ ತಂತಿಯಲ್ಲಿ ವೋಲ್ಟೇಜು ಕಡಿಮೆ, ಪ್ರವಾಹ ಹೆಚ್ಚು, ತಂತಿಯೂ ತೆಳ್ಳಗೆ. ಸಾವಿರಾರು ಕಿಲೋಮೀಟರು ಜೋಪಾನವಾಗಿ ಬಂದ ವಿದ್ಯುತ್ತು ಮನೆಯ ಬಾಗಿಲಿನಲ್ಲಿ ಸೋರುತ್ತದೆ. ನಾಲೆಯ ನೀರನ್ನು ನೋಡಿದವರಿಗೆ ಇದು ಹೊಸದಲ್ಲ. ತೂಬಿನ ಹತ್ತಿರದ ಗದ್ದೆಗೆ ನೀರು ಮೊದಲು. ನಾಲೆಯ ಕೊನೆಯ ರೈತನಿಗೆ ಉಳಿದದ್ದು. ಭಾವನವರ ಷೆಡ್ಡು ಬೀದಿಯ ಕೊನೆಯದು. ಅವರು ಕರೆಂಟಿನ ನಾಲೆಯ ಕೊನೆಯ ರೈತ.

ನಮ್ಮ ದೇಶದಲ್ಲಿ 2001-02ರಲ್ಲಿ ಸಾಗಣೆ ಮತ್ತು ವಿತರಣೆಯ ನಷ್ಟ ನೂರಕ್ಕೆ ಸುಮಾರು 34ರಷ್ಟಿತ್ತು. ಎರಡು ದಶಕಗಳ ತರುವಾಯ ಅದು ಸುಮಾರು 20ಕ್ಕೆ ಇಳಿದಿತ್ತು. ಇದೆಲ್ಲವೂ ತಂತಿ ತಿಂದದ್ದೇ ಅಲ್ಲ. ಕಳ್ಳತನವಾದದ್ದು, ಮೀಟರಿನ ಲೆಕ್ಕಕ್ಕೆ ಸಿಗದ್ದು ಕೂಡ ಇದರಲ್ಲಿ ಸೇರಿದೆ. ಸೌರಫಲಕ ಹಾಕಿದರೆ ಕಳ್ಳತನ ನಿಲ್ಲುವುದಿಲ್ಲ ಎಂಬುದು ನೆನಪಿರಲಿ.

ನಾಲೆಯ ಕೊನೆಯ ರೈತ ಏನು ಮಾಡುತ್ತಾನೆ? ಸಾಧ್ಯವಾದರೆ ತನ್ನ ಹೊಲದಲ್ಲಿಯೇ ಬಾವಿ ತೋಡುತ್ತಾನೆ. ವಿದ್ಯುತ್ತಿನ ವಿಷಯದಲ್ಲಿ ಆ ಬಾವಿಯೇ ಸೌರಫಲಕ. ಮೇಲಿನ ಲೆಕ್ಕಕ್ಕೆ ಮರಳೋಣ. ಮನೆಗೆ 20 ಆಂಪಿಯರ್ ಬೇಕು. ಅದರಲ್ಲಿ 10 ಆಂಪಿಯರನ್ನು ತಾರಸಿಯ ಫಲಕಗಳೇ ಕೊಟ್ಟರೆ ತಂತಿಯಲ್ಲಿ ಹರಿಯುವುದು ಉಳಿದ 10 ಮಾತ್ರ. ನಷ್ಟ 400 ವ್ಯಾಟಿನಿಂದ 100ಕ್ಕೆ ಇಳಿಯಿತು. ಮನೆಯ ವೋಲ್ಟೇಜು 210ರಿಂದ 220ಕ್ಕೆ ಏರಿತು. ಮನೆಯವರು ಒಂದು ದೀಪವನ್ನೂ ಆರಿಸಬೇಕಾಗಲಿಲ್ಲ.

ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ರಾಮನಾಥಪುರ ಜಿಲ್ಲೆಯ ಕಮುದಿಯಲ್ಲಿ 2016ರಲ್ಲಿ ಆರಂಭವಾದ 648 ಮೆಗಾವ್ಯಾಟಿನ ಕೇಂದ್ರ, ಕರ್ನಾಟಕದ ಪಾವಗಡದ 2,050 ಮೆಗಾವ್ಯಾಟಿನ ಸೌರವನ ಬಹು ದೊಡ್ಡವು. ಅವು ಕಲ್ಲಿದ್ದಲನ್ನು ಉಳಿಸುತ್ತವೆ. ಆದರೆ ಅಲ್ಲಿಯ ವಿದ್ಯುತ್ತೂ ದೂರದ ತಂತಿಯಲ್ಲಿಯೇ ಬರಬೇಕು. ತಂತಿಯ ನಷ್ಟ ಕಡಿಮೆಯಾಗುವುದು ಬಳಸುವವನ ಹತ್ತಿರವೇ ಉತ್ಪಾದನೆಯಾದಾಗ ಮಾತ್ರ.

ಇದನ್ನು ಅಳೆದು ನೋಡಲೆಂದೇ 1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕರ್ಮನ್ ಎಂಬ ಊರಿನಲ್ಲಿ 500 ಕಿಲೋವ್ಯಾಟಿನ ಸೌರಕೇಂದ್ರವನ್ನು ಕಟ್ಟಿದರು. ಅದು ಬಿಸಿಲಿನ ಬೇಸಾಯದ ಸೀಮೆ. ವಿದ್ಯುತ್ ಮಾರುವುದಷ್ಟೇ ಅಲ್ಲಿಯ ಗುರಿಯಾಗಿರಲಿಲ್ಲ. ಹಳ್ಳಿಯ ಮಾರ್ಗಕ್ಕೆ ಎಷ್ಟು ಹೊರೆ ಇಳಿಯುತ್ತದೆ, ಟ್ರಾನ್ಸ್‌ಫಾರ್ಮರ್ ಎಷ್ಟು ತಂಪಾಗಿರುತ್ತದೆ ಎಂದು ತಿಳಿಯುವುದೇ ಮುಖ್ಯವಾಗಿತ್ತು. ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಮತ್ತೆ ಕೋಲಾರ ಜಿಲ್ಲೆಗೇ ಹೋಗಬೇಕು. ಅಲ್ಲಿನ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 3 ಮೆಗಾವ್ಯಾಟಿನ ಸೌರಕೇಂದ್ರ 2010ರ ವೇಳೆಗೆ ಕೆಲಸ ಆರಂಭಿಸಿತು. ಅದರ ವಿದ್ಯುತ್ತು ದೂರದ ಹೆಮ್ಮಾರ್ಗಕ್ಕೆ ಹೋಗದೆ ಹತ್ತಿರದ 11,000 ವೋಲ್ಟಿನ ಹಳ್ಳಿಯ ಜಾಲವನ್ನು ಸೇರುತ್ತದೆ. ಆಳದ ಕೊಳವೆಬಾವಿಗಳಿಂದ ನೀರೆತ್ತುವ ಪಂಪ್‌ಸೆಟ್ಟುಗಳ ಸೀಮೆ ಅದು. 1902ರಲ್ಲಿ 147 ಕಿಲೋಮೀಟರು ದೂರದ ಹೊಳೆಯಿಂದ ವಿದ್ಯುತ್ತನ್ನು ತರಿಸಿಕೊಂಡ ಜಿಲ್ಲೆಯಲ್ಲಿ, ಗಣಿಗಳು 2001ರಲ್ಲಿ ಮುಚ್ಚಿಹೋದ ಮೇಲೆ, ಹೊಲಗಳ ನಡುವೆಯೇ ವಿದ್ಯುತ್ತು ಹುಟ್ಟತೊಡಗಿತು.

ಈಗ ಸೂಲೂರಿಗೆ ಬರೋಣ. ನಾನು ಇಷ್ಟೆಲ್ಲ ವಿವರಿಸಿದ ಮೇಲೆ ಭಾವನವರು ಒಂದೇ ಪ್ರಶ್ನೆ ಕೇಳಿದರು: "ಕರೆಂಟು ಪೂರ್ತಿ ಹೋದಾಗ ಆ ಫಲಕದಿಂದ ಮಗ್ಗ ಓಡುತ್ತದೆಯೇ?"

ಅವರು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. 2012ರಲ್ಲಿ ತಮಿಳುನಾಡಿನಲ್ಲಿ ದಿನಕ್ಕೆ ಹತ್ತು ಗಂಟೆಗೂ ಮೀರಿ ವಿದ್ಯುತ್ ಕಡಿತವಿದ್ದ ತಿಂಗಳುಗಳನ್ನು ಕೊಯಮುತ್ತೂರು ಸೀಮೆಯ ನೇಕಾರರು ಮರೆತಿಲ್ಲ. ನಾನು ನಿಜ ಹೇಳಬೇಕಾಯಿತು: ಓಡುವುದಿಲ್ಲ. ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಫಲಕಗಳು, ಜಾಲದಲ್ಲಿ ವಿದ್ಯುತ್ ಇಲ್ಲವೆಂದರೆ, ಸುಡುಬಿಸಿಲಿದ್ದರೂ ನಿಂತುಬಿಡುತ್ತವೆ. ಇದು ಯಂತ್ರದ ದೋಷವಲ್ಲ. ಲೈನ್‌ಮನ್ 'ಕರೆಂಟು ತೆಗೆದಿದ್ದಾರೆ' ಎಂದು ನಂಬಿ ಕಂಬ ಹತ್ತಿರುತ್ತಾನೆ. ಆಗ ಯಾರದೋ ತಾರಸಿಯಿಂದ ವಿದ್ಯುತ್ತು ತಂತಿಗೆ ಹರಿದರೆ ಅವನ ಪ್ರಾಣ ಹೋಗುತ್ತದೆ. ಅದಕ್ಕಾಗಿ ಇನ್‌ವರ್ಟರನ್ನು ಹಾಗೆ ಮಾಡಿದ್ದಾರೆ.

ಭಾವನವರಿಗೆ ಉತ್ಸಾಹ ಇಳಿಯಿತು. ಖರ್ಚಿನ ಮಾತೂ ಬಂದಿತು. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಮನೆಗಳ ತಾರಸಿಗೆ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನು ಆರಂಭಿಸಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿತ್ತು. ಆದರೆ ಅದು ವಾಸದ ಮನೆಗಳಿಗೆ, ಮಗ್ಗದ ಷೆಡ್ಡಿಗಲ್ಲ. ಹನ್ನೆರಡು ಮಗ್ಗಗಳಿಗೆ ಸುಮಾರು ಹತ್ತು ಕಿಲೋವ್ಯಾಟ್ ಬೇಕು. ಅದಕ್ಕೆ ಸುಮಾರು ಸಾವಿರ ಚದರಡಿ ಜಾಗವೂ, ಹಳೆಯ ಸಿಮೆಂಟ್ ಷೀಟಿನ ಮೇಲೆ ಭಾರ ಬೀಳದಂತೆ ಕಬ್ಬಿಣದ ಚೌಕಟ್ಟೂ ಬೇಕು. ಮಾತು ಅಲ್ಲಿಗೇ ನಿಂತಿತು.

ಮುಂದೆ ನಡೆದದ್ದನ್ನು ನಾನು ಊಹಿಸಿರಲಿಲ್ಲ. ಅದೇ ಬೀದಿಯಲ್ಲಿ ಎರಡು ಕಂಬ ಈಚೆಗೆ ಒಂದು ನೂಲಿನ ಗೋದಾಮಿದೆ. ಅದರ ಯಜಮಾನರು ತಮ್ಮ ತಾರಸಿಯ ಮೇಲೆ ಫಲಕಗಳನ್ನು ಹಾಕಿಸಿದರು. ಗೋದಾಮಿಗೆ ಬೇಕಾದದ್ದು ನಾಲ್ಕಾರು ದೀಪ, ಫ್ಯಾನು. ಉಳಿದದ್ದೆಲ್ಲ ಬೀದಿಯ ತಂತಿಗೆ ಹೋಗುತ್ತಿತ್ತು. ತಂತಿಗೆ ಬಂದ ವಿದ್ಯುತ್ತು ಹತ್ತಿರದಲ್ಲಿ ಬೇಕಾದವರನ್ನು ಮುಟ್ಟುತ್ತದೆ. ಹತ್ತಿರದಲ್ಲಿದ್ದವು ಭಾವನವರ ಮಗ್ಗಗಳು!

ಅಕ್ಕನ ಮಗಳು ಬೇಸಿಗೆಯಿಂದಲೇ ಒಂದು ನೋಟುಪುಸ್ತಕದಲ್ಲಿ ಬೋರ್ಡಿನ ವೋಲ್ಟೇಜನ್ನು ಬರೆದಿಡುತ್ತಿದ್ದಳು. ಶಾಲೆಯಿದ್ದ ದಿನಗಳಲ್ಲಿ ಮಧ್ಯಾಹ್ನದ ಅಂಕಿಯನ್ನು ಅವಳ ಅಮ್ಮ ಬರೆದಳು. ಮರುವರ್ಷ ನಾನು ಹೋದಾಗ ಆ ಪುಸ್ತಕವನ್ನು ನನ್ನ ಮುಂದೆ ಇಟ್ಟಳು. ಗೋದಾಮಿನ ಫಲಕಗಳು ಬಂದ ಮೇಲೆ ಬಿಸಿಲಿರುವ ದಿನಗಳ ಮಧ್ಯಾಹ್ನದ ಅಂಕಿಗಳು ಮೇಲೇರಿದ್ದವು. ಆರು ಮಗ್ಗ ನಿಲ್ಲಿಸುವ ಸಂದರ್ಭ ಹಗಲಿನಲ್ಲಿ ಬಹುಮಟ್ಟಿಗೆ ತಪ್ಪಿತ್ತು. ಮಳೆಮೋಡದ ದಿನಗಳಲ್ಲಿ ಹಳೆಯ ಕಥೆಯೇ.

"ಅವರು ದುಡ್ಡು ಹಾಕಿದರು, ನಮ್ಮ ಮೋಟಾರು ಉಳಿಯಿತು. ಇದು ಯಾರ ಲೆಕ್ಕದಲ್ಲಿ ಬರುತ್ತದೆ, ಮಾವ?" ಎಂದಳು.

ಒಳ್ಳೆಯ ಪ್ರಶ್ನೆ. ಗೋದಾಮಿನವರ ಮೀಟರು ಅವರು ಹೊರಗೆ ಕೊಟ್ಟ ಯೂನಿಟ್ಟುಗಳನ್ನು ಎಣಿಸುತ್ತದೆ. ಭಾವನವರ ಮೀಟರು ಇವರು ಬಳಸಿದ್ದನ್ನು ಎಣಿಸುತ್ತದೆ. ಬೀದಿಯ ತಂತಿ ತಿನ್ನದೆ ಬಿಟ್ಟ ಯೂನಿಟ್ಟು ಮಾತ್ರ ಯಾರ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಲಾಭ ಬೀದಿಯಲ್ಲಿ ಎಲ್ಲರಿಗೂ ಹಂಚಿಹೋಗುತ್ತದೆ, ಖರ್ಚು ಒಬ್ಬರದಾಗುತ್ತದೆ. ಜಾಲವನ್ನು ನಡೆಸುವವರು, ದರ ಗೊತ್ತುಮಾಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಬೀದಿಯ ಕೊನೆಯಲ್ಲಿ ಹಾಕಿದ ಒಂದು ಫಲಕವೂ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಹಾಕಿದ ಒಂದು ಫಲಕವೂ ತಂತಿಯ ಪಾಲಿಗೆ ಒಂದೇ ಅಲ್ಲ.

ನೋಟುಪುಸ್ತಕದಲ್ಲಿ ಇನ್ನೊಂದು ಸಂಗತಿಯಿತ್ತು. ಭಾನುವಾರಗಳ ಎದುರಿಗೆ ಅವಳು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದಳು. ಭಾನುವಾರ ಬೀದಿಯ ಮಗ್ಗಗಳೆಲ್ಲ ನಿಂತಿರುತ್ತವೆ. ಸೂರ್ಯನಿಗೆ ಭಾನುವಾರವಿಲ್ಲ. ಆ ದಿನ ಮಧ್ಯಾಹ್ನ ವೋಲ್ಟೇಜು ಇರಬೇಕಾದುದಕ್ಕಿಂತ ಮೇಲೆ ಹೋಗಿತ್ತು. ನಮ್ಮ ಲೆಕ್ಕದ ಮನೆಯನ್ನೇ ನೋಡಿರಿ. ಬೇಕಾದದ್ದು 20 ಆಂಪಿಯರ್, ಫಲಕಗಳು ಕೊಡುವುದು 30 ಎಂದಾದರೆ 10 ಆಂಪಿಯರ್ ಹಿಂದಕ್ಕೆ ಹರಿಯುತ್ತದೆ. ಹಿಂದಕ್ಕೆ ಹರಿದರೂ ತಂತಿ ತಂತಿಯೇ. ಅದು 100 ವ್ಯಾಟ್ ತಿನ್ನುತ್ತದೆ. ಫಲಕಗಳು 60 ಆಂಪಿಯರ್ ಕೊಟ್ಟರೆ ಹಿಂದಕ್ಕೆ ಹರಿಯುವುದು 40. ನಷ್ಟ 1,600 ವ್ಯಾಟ್. ಫಲಕವೇ ಇಲ್ಲದಿದ್ದಾಗಿನ ನಾಲ್ಕರಷ್ಟು! ಮನೆಯ ವೋಲ್ಟೇಜು 270ಕ್ಕೆ ಏರಬೇಕಾಗುತ್ತದೆ. ಅದಕ್ಕೂ ಮೊದಲೇ ಇನ್‌ವರ್ಟರು ತಾನಾಗಿ ನಿಂತುಬಿಡುತ್ತದೆ. ಆದ್ದರಿಂದ ಸೌರಶಕ್ತಿ ಹೆಚ್ಚಿದಷ್ಟೂ ನಷ್ಟ ಇಳಿಯುತ್ತಲೇ ಹೋಗುತ್ತದೆ ಎಂದು ತಿಳಿಯಬಾರದು. ಒಂದು ಮಟ್ಟದವರೆಗೆ ಇಳಿಯುತ್ತದೆ, ಅದನ್ನು ದಾಟಿದರೆ ಮತ್ತೆ ಏರುತ್ತದೆ. ಆ ಮಟ್ಟ ಯಾವುದೆಂಬುದನ್ನು ಬೀದಿಯ ಹಗಲಿನ ಬಳಕೆ ನಿರ್ಧರಿಸುತ್ತದೆ.

ಹಗಲಿನಲ್ಲಿ ಓಡುವ ಮಗ್ಗ, ಹಗಲಿನಲ್ಲಿ ನೀರೆತ್ತುವ ಪಂಪು, ಹಗಲಿನಲ್ಲಿ ನಡೆಯುವ ಶಾಲೆ, ಕಚೇರಿ ಇವುಗಳಿಗೆ ಬಿಸಿಲು ಒಳ್ಳೆಯ ಜೊತೆ. ಮನೆಗಳ ದೀಪ, ಟೀವಿ ಹೊತ್ತಿಕೊಳ್ಳುವುದು ಸೂರ್ಯ ಮುಳುಗಿದ ಮೇಲೆ. ಆಗ ಫಲಕಗಳಿಂದ ತಂತಿಗೆ ಯಾವ ನೆರವೂ ಇಲ್ಲ. ಬ್ಯಾಟರಿಯಲ್ಲಿ ತುಂಬಿಟ್ಟು ಕೊಡಬಹುದು. ಬ್ಯಾಟರಿಗೆ ಹಣ ಬೇಕು, ತುಂಬಿ ತೆಗೆಯುವಾಗ ಅದೂ ಸ್ವಲ್ಪ ತಿನ್ನುತ್ತದೆ. ಟ್ರಾನ್ಸ್‌ಫಾರ್ಮರಿನ ಒಳಗಿನ ಕಬ್ಬಿಣದಲ್ಲಿ ಹಗಲೂ ರಾತ್ರಿಯೂ ಆಗುವ ನಷ್ಟವನ್ನಂತೂ ಫಲಕ ತಪ್ಪಿಸಲಾರದು. ಅದರ ಹತ್ತಿರ ನಿಂತರೆ ಕೇಳುವ ಗುಂಯ್ ಎಂಬ ಸದ್ದು ಆ ಕಬ್ಬಿಣದ್ದೇ. ಹಳೆಯ ತೆಳು ತಂತಿಯನ್ನು ಬದಲಾಯಿಸುವುದು, ಟ್ರಾನ್ಸ್‌ಫಾರ್ಮರನ್ನು ಬೀದಿಯ ಕೊನೆಗೆ ಹತ್ತಿರ ತರುವುದು, ಮೂರು ಫೇಸುಗಳ ಮೇಲೆ ಹೊರೆಯನ್ನು ಸಮನಾಗಿ ಹಂಚುವುದು ಇವು ಹಳೆಯ ಮದ್ದುಗಳು. ಫಲಕ ಬಂದಿತೆಂದು ಇವುಗಳನ್ನು ಬಿಡುವಂತಿಲ್ಲ.

ಆ ಸಂಜೆ ನಾನು ಹೊರಡುವ ಮೊದಲು ಮತ್ತೆ ಷೆಡ್ಡಿಗೆ ಹೋದೆ. ಆರೂವರೆ ಗಂಟೆ. ಬೀದಿಯ ಮನೆಗಳಲ್ಲಿ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಬೋರ್ಡಿನ ಮುಳ್ಳು ಮೆಲ್ಲನೆ ಕೆಳಗಿಳಿಯಿತು. ಭಾವನವರು ಮಗ್ಗಗಳ ಸದ್ದನ್ನು ಒಂದು ಕ್ಷಣ ಆಲಿಸಿ, ಕೊನೆಯ ಸಾಲಿನ ನಾಲ್ಕನ್ನು ನಿಲ್ಲಿಸಿದರು. ಹುಡುಗಿ ಗಡಿಯಾರ ನೋಡಿ ಅಂಕಿಯನ್ನು ಬರೆದುಕೊಂಡಳು.

ಅಭ್ಯಾಸ

1. ಭಾವನವರು ಊಟದ ನಡುವೆ ಎದ್ದು ಆರು ಮಗ್ಗಗಳನ್ನು ನಿಲ್ಲಿಸಿದ್ದು ಏಕೆ? ಉಳಿದ ಆರಕ್ಕೆ ಅದರಿಂದ ಆದ ಅನುಕೂಲವೇನು?

2. ಒಂದು ತಂತಿಯ ರೋಧ 1 ಓಮ್. ಅದರಲ್ಲಿ 30 ಆಂಪಿಯರ್ ಹರಿಯುತ್ತಿದೆ. ಅದರ ಅರ್ಧವನ್ನು ಸೌರಫಲಕಗಳು ಮನೆಯಲ್ಲಿಯೇ ಕೊಟ್ಟರೆ ನಷ್ಟ ಎಷ್ಟರಿಂದ ಎಷ್ಟಕ್ಕೆ ಇಳಿಯುತ್ತದೆ?

3. ವಿದ್ಯುತ್ ಕಡಿತವಾದಾಗ ಬಿಸಿಲಿದ್ದರೂ ಬ್ಯಾಟರಿಯಿಲ್ಲದ ಸೌರಫಲಕಗಳು ನಿಂತುಬಿಡುವುದು ಏಕೆ?

4. "ಸೂರ್ಯನಿಗೆ ಭಾನುವಾರವಿಲ್ಲ." ಈ ಮಾತು ಪಾಠದಲ್ಲಿ ಎಲ್ಲಿ ಬಂದಿದೆ? ಅಲ್ಲಿ ಅದರ ಅರ್ಥವೇನು?

5. ಗೋದಾಮಿನವರ ಫಲಕಗಳಿಂದ ನೇಕಾರರಿಗೆ ಆದ ಪ್ರಯೋಜನಕ್ಕೆ ಯಾರು ಹಣ ಕೊಡಬೇಕು? ತರಗತಿಯಲ್ಲಿ ಎರಡು ಗುಂಪುಗಳಾಗಿ ಚರ್ಚಿಸಿರಿ.

6. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ನಿಮ್ಮ ಮನೆಯವರೆಗೆ ಎಷ್ಟು ಕಂಬಗಳಿವೆ ಎಂದು ಎಣಿಸಿ ಬನ್ನಿರಿ. ಯಾವ ಹೊತ್ತಿನಲ್ಲಿ ದೀಪಗಳು ಮಂಕಾಗುತ್ತವೆ ಎಂಬುದನ್ನು ಒಂದು ವಾರ ಬರೆದಿಡಿರಿ. ಕಂಬವನ್ನೂ ತಂತಿಯನ್ನೂ ಮುಟ್ಟಬಾರದು.